ಹೋಲ್ಡಾನ್

ಶ್ರೀರಾಂಪುರದ ಹಿಟ್ಟಿನ ಗಿರಣಿ ಮೇಲೆ
ನಮ್ಮ ಮಕ್ಕಳ ಲೈಬ್ರರಿ.
ಕೆಳಗೆ ರಾಗಿ ಬೀಸುವಾಗ ಕಪಾಟಿನ ಆನೆ, ಹುಲಿ, ಚಂದಿರ
ಎಲ್ಲ ಸಣ್ಣಗೆ ನಡುಗುತ್ತವೆ.
ಹೊಸ ಪುಸ್ತಕಕ್ಕೂ ಎರಡೇ ದಿನಕ್ಕೆ ಹಿಟ್ಟಿನ ವಾಸನೆ.

ಇಂಚರಳನ್ನು ಅವಳ ದೊಡ್ಡಮ್ಮ ಕರೆತಂದಳು.
ಬಾಗಿಲಲ್ಲೇ ನಿಂತು, ನನ್ನ ಕಿವಿಗೆ ಬಾಗಿ,
"ಮಿಸ್, ಇದಕ್ಕೊಂದು ನಗೋ ಕಥೆ ಕೊಡಿ.
ಅಮ್ಮನ ವಿಷಯ ಎತ್ತಬೇಡಿ.
ಮಗೂಗೆ ಏನೂ ಗೊತ್ತಿಲ್ಲ."

ಏನೂ ಗೊತ್ತಿಲ್ಲದ ಮಗು
ಚಪ್ಪಲಿ ಬಿಟ್ಟು, ಜೋಡಿಸಿಟ್ಟು, ಒಳಗೆ ಬಂದು ಕೇಳಿತು:
"ತೀರಿಕೊಂಡ್ರು ಅಂದ್ರೆ ಸಕ್ಕರೆ ತೀರಿದ ಹಾಗಾ?
ಮತ್ತೆ ಅಂಗಡಿಯಿಂದ ತರಬಹುದಾ?"
ನಾನು ಬಾಯಿ ತೆರೆಯುವ ಮೊದಲೇ,
"ಬೀದಿ ಫ್ಲೆಕ್ಸಲ್ಲಿ ಕಾಲವಾದ್ರು ಅಂತಿದೆ.
ಕಾಲ ಅಂದ್ರೆ ಟೈಮು.
ಅಮ್ಮ ಟೈಮ್ ಆದ್ಲಾ?"

ಕಂಡಕ್ಟರ್ ಆಗಿದ್ದಳು ಹೇಮಾವತಿ.
ಯಶವಂತಪುರದಿಂದ ಮಾರ್ಕೆಟ್ಟು, ಮಾರ್ಕೆಟ್ಟಿಂದ ಯಶವಂತಪುರ,
ಬೆರಳ ಸಂದಿಯಲ್ಲಿ ಮಡಿಸಿದ ನೋಟು.
ಆವತ್ತೂ ಬೆಳಗಿನ ಐದಕ್ಕೆ ಹೊಸಿಲು ದಾಟುತ್ತ
"ಬರ್ತೀನಿ ಮಗಾ" ಅಂದಿದ್ದಳಂತೆ.
ನಮ್ಮಲ್ಲಿ ಹೋಗುವವರೂ ಬರ್ತೀನಿ ಎನ್ನುತ್ತೇವೆ.
ಹೋಗ್ತೀನಿ ಅನ್ನಬಾರದು, ನಮ್ಮಜ್ಜಿ ಬೈದು ಕಲಿಸಿದ್ದು ನನಗೆ.
ಆರು ವರ್ಷದವಳಿಗೆ ಇದನ್ನು
ವ್ಯಾಕರಣದ ಯಾವ ಪಾಠದಲ್ಲಿ ಹೇಳಿಕೊಡಲಿ?

ನಗೋ ಕಥೆ ಕೊಡಲಿಲ್ಲ.

ಒಂದು ಮುದಿ ಕತ್ತೆ, ಅದರ ಬೆನ್ನ ಮೇಲೊಂದು ಗುಬ್ಬಿ.
ಹತ್ತು ಪುಟ ಎರಡೂ ಊರೆಲ್ಲ ಸುತ್ತುತ್ತವೆ.
ಹನ್ನೊಂದರಲ್ಲಿ ಕತ್ತೆ ಹೊಂಗೆ ಮರದಡಿ ಒರಗಿದೆ.
ನಿದ್ದೆ ಗಿದ್ದೆ ಅನ್ನುವುದಿಲ್ಲ ಪುಸ್ತಕ:
ಕತ್ತೆ ಸತ್ತುಹೋಯಿತು. ಗುಬ್ಬಿ ಕರೆಯಿತು.
ಕತ್ತೆ ಕಿವಿ ಅಲ್ಲಾಡಿಸಲಿಲ್ಲ.

ಪುಟ ತಿರುವಲು ಮೂಲೆ ಹಿಡಿದೆ.

"ಹೋಲ್ಡಾನ್!"
ಸಣ್ಣ ಅಂಗೈ ಪುಟದ ಮೇಲೆ ಬಿತ್ತು,
ಬಸ್ಸಿನ ಪಕ್ಕೆ ತಟ್ಟುವ ಹಾಗೆ.
ಕಿಟಕಿ ಬಳಿಯ ಹುಡುಗರು ನಕ್ಕರು.
ನಾನು ನಿಲ್ಲಿಸಿದೆ.

ಐದು ಶನಿವಾರ ಅಲ್ಲೇ ನಿಂತೆವು.
ಒಂದು ವಾರ ಕತ್ತೆಯ ಕಿವಿ ಸವರಿದಳು.
ಒಂದು ವಾರ ಪುಸ್ತಕ ಮುಟ್ಟಲೇ ಇಲ್ಲ,
ಚೌಕಾಬಾರ ಆಡಿದಳು, ಮೋಸ ಮಾಡಿ ಗೆದ್ದಳು.
ಇನ್ನೊಂದು ವಾರ ಗುಬ್ಬಿಗೆ ಬೈದಳು:
"ಜೋರಾಗಿ ಕರೀಬೇಕಿತ್ತು ನೀನು."
ಆವತ್ತು ನಾನು ಎದ್ದು ಹೋಗಿ ನೀರು ಕುಡಿದೆ.

"ಇಂಥದ್ದೆಲ್ಲ ಯಾಕೆ ಮಿಸ್ ಮಕ್ಕಳಿಗೆ?
ನಾವು ನಕ್ಷತ್ರ ಆಗಿದಾಳೆ ಅಂದಿದೀವಿ,"
ಮೆಟ್ಟಿಲ ಬಳಿ ದೊಡ್ಡಮ್ಮನ ಗೊಣಗು.
ಈ ಊರಿನ ಆಕಾಶದಲ್ಲಿ ನಕ್ಷತ್ರ ಎಲ್ರೀ ಕಾಣುತ್ತೆ
ಅಂತ ನಾಲಿಗೆ ತುದಿಗೆ ಬಂತು.
ಆಡಲಿಲ್ಲ. ಅವಳಿಗೂ ಇದ್ದವಳು ಒಬ್ಬಳೇ ತಂಗಿ.

ಆರನೆಯ ವಾರ ಕರೆಂಟಿರಲಿಲ್ಲ, ಗಿರಣಿ ಸುಮ್ಮನಿತ್ತು.
ಪುಟ ಹನ್ನೊಂದು.
ಬಹಳ ಹೊತ್ತಾದ ಮೇಲೆ, ನನ್ನ ಕಡೆ ನೋಡದೆ,
"ರೈಟ್" ಅಂದಳು.
ನನಗೆ ಕೇಳಿಸಿತೋ ಇಲ್ಲವೋ ಅಂತ ಮತ್ತೆ,
"ರೈಟ್, ರೈಟ್."

ಮುಂದಿನ ಪುಟದಲ್ಲಿ ಕತ್ತೆ ಇಲ್ಲ. ಅಕ್ಷರವೂ ಇಲ್ಲ.
ಹುಲ್ಲಿನಲ್ಲಿ ಕತ್ತೆಯಷ್ಟೇ ಅಗಲದ ಒಂದು ತಗ್ಗು,
ತಗ್ಗಿನಲ್ಲಿ ಗುಬ್ಬಿ.
ಇಂಚರ ಗೇಣು ಹಾಕಿ ಅಳೆದಳು.
"ನಮ್ಮ ಹಾಸಿಗೇಲೂ ಇದೆ. ಗೋಡೆ ಕಡೆ.
ಹತ್ತಿ ಒಳಗೆ ಹೋಗಿದೆ.
ಅಪ್ಪ ಅಲ್ಲಿ ಮಲಗಲ್ಲ."

ಆಮೇಲೆ ಅತ್ತಳು.
ಸುಮ್ಮನಿರು ಎಂದು ಯಾರೂ ಹೇಳದಂತೆ
ನಾನು ಬಾಗಿಲ ಕಡೆ ಬೆನ್ನು ಮಾಡಿ ಕೂತೆ.

ಇನ್ನೂ ನಾಲ್ಕು ಪುಟ ಉಳಿದಿವೆ.
ಪುಸ್ತಕ ಮನೆಗೆ ಬೇಕಂತೆ,
ಅಪ್ಪನಿಗೆ ಓದಿ ಹೇಳಬೇಕಂತೆ.
ಮೆಟ್ಟಿಲಿಳಿಯುತ್ತ ತಿರುಗಿ,
"ಹೋಗ್ತೀನಿ ಮಿಸ್" ಅಂದಳು.
ದೊಡ್ಡಮ್ಮ ತಲೆಗೆ ಮೊಟಕಿದಳು, "ಬರ್ತೀನಿ ಅನ್ನು!"
ಇಂಚರ ಒಂದು ಮೆಟ್ಟಿಲಿನಷ್ಟು ಯೋಚಿಸಿದಳು.
"ಶನಿವಾರ ಬರ್ತೀನಿ."